ಮೇಲಕ್ಕೆ ಹೋಗುವಾಗ ಯಾವ ಮದ್ದು ಒಯ್ಯಬೇಕು?

ಗಗನಯಾತ್ರಿಗಳ ಆರೋಗ್ಯಕ್ಕೆ ಏನು ಅಪಾಯ ಅಂತ ಕೇಳಿ ನೋಡಿ, ವಿಕಿರಣ, ಸವೆಯುವ ಮೂಳೆ ಅಂತಲೇ ಎಲ್ಲರೂ ಶುರು ಮಾಡುತ್ತಾರೆ. ನನಗೆ ಮಾತ್ರ 2020ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ಒಂದು ಕೇಸೇ ಮೊದಲು ನೆನಪಾಗುತ್ತದೆ.

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿದ್ದ ಒಬ್ಬರಿಗೆ (ಹೆಸರು ಹೇಳಿಲ್ಲ) ಸುಮಾರು ಎರಡು ತಿಂಗಳಾದ ಮೇಲೆ ಸಂಶೋಧನೆಗೆಂದು ಮಾಡಿದ ಅಲ್ಟ್ರಾಸೌಂಡ್‌ನಲ್ಲಿ ಕುತ್ತಿಗೆಯ ಎಡಗಡೆ ರಕ್ತನಾಳದೊಳಗೆ ರಕ್ತ ಹೆಪ್ಪುಗಟ್ಟಿದ್ದು ಕಂಡಿತು. ತಲೆನೋವಿಲ್ಲ, ಏನಿಲ್ಲ. ಸ್ಕ್ಯಾನ್ ಮಾಡದಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ತೂಕವಿಲ್ಲದ ಕಡೆ ರಕ್ತ ಕಾಲಿನ ಕಡೆ ಇಳಿಯುವುದಿಲ್ಲ, ತಲೆ ಕಡೆಗೇ ಸೇರುತ್ತದೆ. ಆ ಸಂಶೋಧನೆಯಲ್ಲಿದ್ದ 11 ಜನರಲ್ಲಿ 6 ಮಂದಿಗೆ ಕುತ್ತಿಗೆಯ ಆ ನಾಳದಲ್ಲಿ ರಕ್ತ ನಿಂತಿತ್ತು, ಇಲ್ಲವೇ ಹಿಂದಕ್ಕೆ ಹರಿಯುತ್ತಿತ್ತು!

ಈಗ ನೀವೇ ಡಾಕ್ಟರು ಅಂದುಕೊಳ್ಳಿ. ರಕ್ತ ತೆಳು ಮಾಡುವ ಮದ್ದು ಕೊಡದಿದ್ದರೆ ಆ ಹೆಪ್ಪುಗಟ್ಟಿದ ರಕ್ತದ ಗಡ್ಡೆ ಶ್ವಾಸಕೋಶಕ್ಕೆ ಹೋಗಬಹುದು. ಕೊಟ್ಟರೆ, ಎಲ್ಲೋ ತಗುಲಿ ಗಾಯವಾದಾಗ ರಕ್ತ ನಿಲ್ಲದೇ ಹೋಗಬಹುದು, ಮದ್ದಿನ ಪರಿಣಾಮ ಇಳಿಸುವ ಇನ್ನೊಂದು ಮದ್ದೂ ಆಗ ಮೇಲಿರಲಿಲ್ಲ. ಇದ್ದದ್ದು ಎನಾಕ್ಸಪರಿನ್ ಅನ್ನುವ, ರಕ್ತ ತೆಳು ಮಾಡುವ ಚುಚ್ಚುಮದ್ದಿನ 20 ಸಣ್ಣ ಬಾಟಲಿ, ಅಷ್ಟೇ. ಸಿರಿಂಜುಗಳೂ ಕಮ್ಮಿ. ತೂಕವಿಲ್ಲದ ಕಡೆ ಬಾಟಲಿಯಿಂದ ಮದ್ದನ್ನು ಸಿರಿಂಜಿಗೆ ಎಳೆಯುವುದೇ ಒಂದು ಸಾಹಸ. ಹಾಗೂ ಹೀಗೂ ಕೊಡಲು ಶುರು ಮಾಡಿ, 33 ದಿನ ಆದ ಮೇಲೆ ಮದ್ದು ಮುಗಿದು ಹೋಗದಿರಲಿ ಅಂತ ಡೋಸ್ ಇಳಿಸಿದರು. 42ನೇ ದಿನ ಸರಕಿನ ನೌಕೆಯಲ್ಲಿ ರಕ್ತ ತೆಳು ಮಾಡುವ ಮಾತ್ರೆ ಬಂತು. ಭೂಮಿಗೆ ಇಳಿಯುವ 4 ದಿನ ಮೊದಲು ಅದನ್ನೂ ನಿಲ್ಲಿಸಿದರು, ಇಳಿಯುವಾಗ ಪೆಟ್ಟಾದರೆ ಕಷ್ಟ ಅಲ್ವಾ. ಇಳಿದು 10 ದಿನ ಆಗುವಷ್ಟರಲ್ಲಿ ಗಡ್ಡೆ ಇರಲಿಲ್ಲ.

ನಾಸಾದವರು ಪ್ರತಿ ಅಪಾಯಕ್ಕೂ ಅದು ಆಗುವ ಸಂಭವ ಎಷ್ಟು, ಆದಲ್ಲಿ ಕೆಡುಕು ಎಷ್ಟು ಅಂತ ಅಂಕ ಹಾಕುತ್ತಾರೆ. ಒಳ್ಳೆಯ ಪದ್ಧತಿಯೇ. ಆದರೆ ಅದುವರೆಗೆ ಯಾರೂ ಕಂಡಿರದ ಕಾಯಿಲೆಗೆ ಏನಂತ ಅಂಕ ಹಾಕುವುದು? ನಿಲ್ದಾಣದಿಂದಾದರೆ ತೀರಾ ಅಗತ್ಯ ಬಿದ್ದರೆ ಕೆಲವೇ ಗಂಟೆಗಳಲ್ಲಿ ಇಳಿಸಬಹುದು. ನಮ್ಮ ಗಗನಯಾನದ್ದೂ ಕೆಲವೇ ದಿನಗಳ ಪ್ರಯಾಣ, ಅದಕ್ಕೆ ಆಯ್ಕೆಯಾದವರನ್ನು ಮೊದಲೇ ಬೆಂಗಳೂರಿನ ವಾಯುಪಡೆಯ ವೈದ್ಯರು ಚೆನ್ನಾಗಿ ಜರಡಿ ಹಿಡಿದಿದ್ದಾರೆ. ಆದರೆ ಮಂಗಳ ಗ್ರಹದ ದಾರಿಯಲ್ಲಿ ಸರಕಿನ ನೌಕೆ ಬರುವುದಿಲ್ಲ. ಅಲ್ಲಿಗೆ ಹೋಗುವವರ ಸಾಮಾನಿನಲ್ಲಿ ಜಾಗ ಕಮ್ಮಿ ಬಿದ್ದರೆ ನಾನಂತೂ ಬೇರೇನಾದರೂ ತೆಗೆದು ಸ್ಕ್ಯಾನ್ ಮೆಷೀನ್ ಇಡುತ್ತೇನೆ, ಜೊತೆಗೆ ಒಂದಷ್ಟು ಸಿರಿಂಜು ಜಾಸ್ತಿ.