ಹಳೆಯ ವಿದ್ಯಾರ್ಥಿಗಳ ನಿಧಿ: ಮೇ ತಿಂಗಳಿಂದ ಜುಲೈವರೆಗೆ

ಮೇ: ಹೊಸನಗರ ತಾಲ್ಲೂಕಿನ ನಮ್ಮ ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ ಓದಿದವರು ಕೂಡಿಸಿದ ಹಣ 6 ಲಕ್ಷ ಮುಟ್ಟಿದೆ. ಠೇವಣಿಗೆ ಶೇಕಡಾ 7ರ ಬಡ್ಡಿ ಹಿಡಿದರೆ ವರ್ಷಕ್ಕೆ 42,000 ರೂಪಾಯಿ. ಅಸಲು ಮುಟ್ಟಬಾರದೆಂದು ಠರಾವಾಗಿದೆ. ಪದವಿಗೆ ಸೇರುವ ಏಳು ಮಂದಿಗೆ ತಲಾ 6,000.

ಯಾರಿಗೆ ಎಂಬಲ್ಲಿ ಜಗಳ. ಬೆಂಗಳೂರಿನ ಗೆಳೆಯರು ಶೇಕಡಾ 90 ದಾಟಿದವರಿಗೇ ಕೊಡಬೇಕೆಂದು ಹಟ ಹಿಡಿದರು. ಅಂಥವರಿಗೆ ಹಾರ ಹಾಕಲು ಇಡೀ ಊರೇ ಇದೆ. ಶೇಕಡಾ 60ರ ಆಸುಪಾಸಿನಲ್ಲಿ ಪಾಸಾಗಿ, ಕಾಲೇಜಿಗೆ ಸೇರುವ ಹೊತ್ತಿಗೆ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯುವವರ ಜೊತೆ ಕೂಲಿಗೆ ಹೊರಟುಬಿಡುವ ಹುಡುಗನನ್ನು ಕೇಳುವವರಿಲ್ಲ. ನಮ್ಮ ಮೇಷ್ಟರುಗಳಲ್ಲಿ ವಾರಾನ್ನ ಉಂಡು ಓದಿದವರಿದ್ದರು. ಅವರಿಗೆ ಯಾರೂ ಅಂಕಪಟ್ಟಿ ನೋಡಿ ಎಲೆ ಹಾಕಿರಲಿಲ್ಲ. ಕೊನೆಗೆ ಪಾಸಾಗಿದ್ದರೆ ಸಾಕು, ಮನೆಯ ಸ್ಥಿತಿ ನೋಡೋಣ ಎಂದಾಯಿತು.

ಜೂನ್: ಶಕ್ತಿ ಯೋಜನೆ 2023ರಲ್ಲೇ ಬಂದಿದೆ, ಹುಡುಗಿಯರಿಗೇಕೆ ಬಸ್ ಖರ್ಚಿಗೆ ಹಣ ಎಂದರು ಒಬ್ಬರು. ಆ ಉಚಿತ ಪ್ರಯಾಣ ಸರ್ಕಾರಿ ಬಸ್ಸಿನಲ್ಲಿ. ನಮ್ಮ ಒಳದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸು. ಅಲ್ಲಿ ಹುಡುಗಿಯರೂ ಟಿಕೆಟ್ ತೆಗೆಯಲೇಬೇಕು. ಈ ವಾದ ಅಲ್ಲಿಗೇ ಮುಗಿಯಿತು.

ನಿಜವಾದ ತಲೆನೋವು ಅಮೆರಿಕದಿಂದ ಬಂತು. ಸಹಪಾಠಿಯೊಬ್ಬ ಒಂದು ಲಕ್ಷ ಕೊಡುತ್ತೇನೆಂದ. ಈಗ ಅವನು ಅಲ್ಲಿನ ಪ್ರಜೆ. ರೂಪಾಯಿಯಲ್ಲೇ ಕೊಟ್ಟರೂ ಕಾನೂನಿನ ಲೆಕ್ಕದಲ್ಲಿ ಅದು ವಿದೇಶಿ ದೇಣಿಗೆ. ಅದನ್ನು ಪಡೆಯಲು ಕೇಂದ್ರ ಸರ್ಕಾರದ ನೋಂದಣಿ, ಇಲ್ಲವೇ ಪೂರ್ವಾನುಮತಿ ಬೇಕು. ನೋಂದಣಿಗೆ ಸಂಸ್ಥೆ ಮೂರು ವರ್ಷ ಹಳೆಯದಾಗಿರಬೇಕು, ಆ ಮೂರು ವರ್ಷಗಳಲ್ಲಿ ಕನಿಷ್ಠ 15 ಲಕ್ಷ ಖರ್ಚು ಮಾಡಿರಬೇಕು. ನಮ್ಮ ಬಡ್ಡಿಯಲ್ಲಿ ಮೂರು ವರ್ಷಕ್ಕೆ ಅಷ್ಟು ಖರ್ಚು ಮಾಡುವುದು ಎಂದಿಗೂ ಆಗದ ಮಾತು. ಬೇಡವೆಂದೆವು, ಅವನಿಗೆ ಬೇಸರವಾಗಿದೆ. ದುಬೈಯಲ್ಲಿರುವ ಗೆಳತಿ ಭಾರತೀಯ ಪ್ರಜೆಯಾಗಿಯೇ ಉಳಿದಿದ್ದಾಳೆ. ಅವಳ ಉಳಿತಾಯದ ಹಣ ಬ್ಯಾಂಕಿನ ಮೂಲಕ ತೊಡಕಿಲ್ಲದೆ ಬಂತು.

ಜುಲೈ: ಐವರ ಖಾತೆಗೆ ಹಣ ಹೋಗಿದೆ. ಸರ್ಕಾರದ ವಿದ್ಯಾರ್ಥಿವೇತನ ಬರುವಾಗ ಬರಲಿ, ನಮ್ಮದು ಪ್ರವೇಶದ ವೇಳೆಗೇ ಸಿಗಬೇಕೆಂಬುದು ನನ್ನ ಪಟ್ಟು. ದೊಡ್ಡ ಚೆಕ್ಕಿನ ಹಲಗೆ, ಶಾಲು, ಫೋಟೊ ಇರುವ ಸಮಾರಂಭ ಬೇಕೆನ್ನುವವರು ಇನ್ನೂ ಇದ್ದಾರೆ. ಬೇಕಾದರೆ ಅವರೇ ಶಾಮಿಯಾನದ ಬಾಡಿಗೆ ಕೊಡಲಿ, ಬಡ್ಡಿಯಲ್ಲಿ ಒಂದು ಪೈಸೆಯೂ ಸಿಗುವುದಿಲ್ಲ ಎಂದಿದ್ದೇನೆ. ಉಳಿದಿಬ್ಬರ ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದೆ. ನಾಡಕಚೇರಿಯಲ್ಲಿ ಹೊಸದಕ್ಕೆ ಅರ್ಜಿ ಹಾಕಿಸಿದ್ದೇವೆ.