19ನೇ ಗೇಟು ಹೋದ ವಾರ

ಎಫ್‌ಎ (ವರ್ಷದ ನಡುವಿನ ರೂಪಣಾತ್ಮಕ ಮೌಲ್ಯಮಾಪನ) ಅಂಕಪಟ್ಟಿ, ದಿನಚರಿ, ಪಾಠಯೋಜನೆ ಎಲ್ಲದರ ಜೊತೆಗೆ ನನ್ನ ಚೀಲದಲ್ಲಿ ಇನ್ನೊಂದು ನೋಟ್‌ಬುಕ್ ಇರುತ್ತದೆ. ಇಲಾಖೆಯವರು ಕೇಳಿದ್ದಲ್ಲ, ಯಾರಿಗೂ ತೋರಿಸಬೇಕಾದದ್ದೂ ಅಲ್ಲ. ತರಗತಿಯಲ್ಲಿ ಮಕ್ಕಳು ಕೇಳುವ ಪ್ರಶ್ನೆಗಳನ್ನು ತಾರೀಖು ಹಾಕಿ ಅದರಲ್ಲಿ ಬರೆದಿಡುತ್ತೇನೆ. ಯಾವ ವರ್ಷದ್ದೇ ತೆಗೆದರೂ ಜೂನ್ ತಿಂಗಳ ಪುಟಗಳು ಒಂದೇ ತರಹ. “ಇದು ಪರೀಕ್ಷೆಗೆ ಬರ್ತೈತೇನ್ರಿ ಸರ್?” “ಎಷ್ಟು ಮಾರ್ಕ್ಸಿಂದು?” “ಗೈಡ್‌ನ್ಯಾಗ ಬ್ಯಾರೆ ಕೊಟ್ಟಾರ್ರಿ.” ಮಕ್ಕಳನ್ನು ಬೈದು ಉಪಯೋಗವಿಲ್ಲ. ಹತ್ತನೇ ತರಗತಿ ಎಂದರೆ ಮಾರ್ಚ್ ತಿಂಗಳು ಎಂದು ಅವರಿಗೆ ಕಲಿಸಿದವರೇ ನಾವು.

ಚಟುವಟಿಕೆಗಳ ಕಥೆಯೂ ಅಷ್ಟೆ. ಎಫ್‌ಎದಲ್ಲಿ ಚಟುವಟಿಕೆಗೆ ಅಂಕ ಇದೆ, ಹಾಗಾಗಿ ಬಸ್‌ ಸ್ಟ್ಯಾಂಡ್ ಬಳಿಯ ಸ್ಟೇಷನರಿ ಅಂಗಡಿಗೆ ವ್ಯಾಪಾರ ಇದೆ. ‘ನದಿ ಕಣಿವೆ ಯೋಜನೆಗಳು’ ಎಂದು ಕೇಳಿದರೆ ಸಾಕು, ಭಾಕ್ರಾ ನಂಗಲ್, ಹಿರಾಕುಡ್, ದಾಮೋದರ, ತುಂಗಭದ್ರಾ ಎಲ್ಲವೂ ಒಂದೇ ಹಾಳೆಯಲ್ಲಿ ಅಚ್ಚಾಗಿ ಬರುತ್ತವೆ. ಕತ್ತರಿಸುವುದು, ಚಾರ್ಟಿಗೆ ಅಂಟಿಸುವುದು, ಸ್ಕೆಚ್ ಪೆನ್ನಿನಿಂದ ಅಂಚು ಹಾಕುವುದು. ಅಲ್ಲಿಗೆ ಮಗು ಭಾರತದ ಜಲಸಂಪನ್ಮೂಲಗಳನ್ನು ‘ಅನ್ವೇಷಿಸಿತು’.

2024ರ ಆಗಸ್ಟ್‌ನಲ್ಲಿ ಅಂಥದೇ ಒಂದು ಚಟುವಟಿಕೆ ಕೊಡುವುದರಲ್ಲಿದ್ದೆ. 10ನೇ ತಾರೀಖು ಶನಿವಾರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಕೊಂಡು ಹೋಯಿತು. ನಮ್ಮದು ಗಂಗಾವತಿ ಕಡೆಯ ಸರ್ಕಾರಿ ಪ್ರೌಢಶಾಲೆ, ಎಡದಂಡೆ ಕಾಲುವೆಯ ನೀರು ಕುಡಿದು ಬೆಳೆದ ಊರು. ನಾಟಿ ಹಚ್ಚಿ ಇನ್ನೂ ಹಸಿರು ತಿರುಗುತ್ತಿದ್ದ ಹೊತ್ತು. ಭಾನುವಾರವಿಡೀ ಊರಿನಲ್ಲಿ ಯಾರೂ ಮೊಬೈಲ್ ಕೆಳಗಿಡಲಿಲ್ಲ.

ಸೋಮವಾರ ಪ್ರಾರ್ಥನೆ ಮುಗಿಸಿ ಒಳಗೆ ಬಂದರೆ ತರಗತಿ ಸಂತೆಯಾಗಿತ್ತು. ತಂದಿದ್ದ ಇತಿಹಾಸದ ಪಾಠವನ್ನು ಬದಿಗಿಟ್ಟು ಬೋರ್ಡಿನ ಮೇಲೆ ಮೂರು ಮನೆ ಹಾಕಿದೆ: ಕಣ್ಣಾರೆ ಕಂಡದ್ದು, ಬಾಯಿಮಾತಲ್ಲಿ ಕೇಳಿದ್ದು, ಮೊಬೈಲಿನಲ್ಲಿ ಬಂದದ್ದು. ಗೊತ್ತಿರುವುದನ್ನೆಲ್ಲ ಹೇಳಿ, ಯಾವ ಮನೆಗೆ ಹಾಕಬೇಕೆಂದೂ ನೀವೇ ಹೇಳಿ ಎಂದೆ. ಡ್ಯಾಮ್ ಬಿರುಕು ಬಿಟ್ಟೈತಿ. ಉಳಿದ ಗೇಟೂ ಹೋಗ್ತಾವ. ಹಂಪಿ ಮುಳುಗೇತಿ. ಕಂಪ್ಲಿ ಸೇತುವೆ ಕೊಚ್ಚಿ ಹೋತು. 33 ಗೇಟೂ ತೆಗೆದಾರ, ಅಂದ್ರ 33ಕ್ಕೂ ಏನೋ ಆಗೈತಿ. ಒಂದು ಗೇಟಿನ ಮೇಲೆ ಒತ್ತಡ ಬೀಳದಿರಲಿ ಎಂದು ಉಳಿದವನ್ನೂ ತೆರೆಯುತ್ತಾರೆ ಎಂದು ಹೇಳಬೇಕಾಯಿತು. ಎರಡು, ಮೂರನೇ ಮನೆಗಳು ತುಂಬಿ ಬೋರ್ಡಿನ ಅಂಚಿಗೆ ಬಂದವು. ಮೊದಲ ಮನೆಯಲ್ಲಿ ಒಂದೇ ಒಂದು ಸಾಲು.

ಆ ಸಾಲು ಮೂರನೇ ಬೆಂಚಿನ ಹುಡುಗನದ್ದು. ಭಾನುವಾರ ಅವನ ಮಾಮ ಬೈಕಿನಲ್ಲಿ ಮುನಿರಾಬಾದ್ ತನಕ ಕರೆದುಕೊಂಡು ಹೋಗಿದ್ದನಂತೆ. ಪೊಲೀಸರು ದೂರದಲ್ಲೇ ತಡೆದರಂತೆ. “19ನೇ ಗೇಟಿನಿಂದ ನೀರು ಹೋಗೂದು ನಾ ನೋಡೀನ್ರಿ” ಎಂದು ಎದೆಯುಬ್ಬಿಸಿ ಹೇಳಿದ. ಇಡೀ ತರಗತಿ ಅವನ ಮೇಲೆ ಬಿತ್ತು. 19ನೇದೇ ಅಂತ ಹೆಂಗ ಗೊತ್ತಾತು? ಯಾವ ಕಡೆಯಿಂದ ಎಣಿಸಿದಿ? ಎಲ್ಲಾ ಗೇಟು ತೆಗೆದಿದ್ರ ಮುರಿದದ್ದು ಯಾವುದಂತ ಹೆಂಗ ಕಾಣ್ತು? ಐದು ನಿಮಿಷ ತಾಳಿದ, ಆಮೇಲೆ ಒಪ್ಪಿಕೊಂಡ. “ನೊರಿ ಕಾಣ್ತಿತ್ರಿ, ಸಪ್ಪಳ ಕೇಳ್ತಿತ್ತು. ಯಾವ ಗೇಟು ಅಂತ ಮಾಮ ಹೇಳಿದ.” ಅವನ ಸಾಲನ್ನು ಅರ್ಧ ಮೊದಲ ಮನೆಯಲ್ಲಿ ಉಳಿಸಿ, ಇನ್ನರ್ಧ ಎರಡನೆಯದಕ್ಕೆ ಸಾಗಿಸಿದೆವು. ಅವನಿಗೇನೂ ಬೇಜಾರಾಗಲಿಲ್ಲ. ಉಳಿದವರನ್ನು ಅಷ್ಟೇ ಜೋರಾಗಿ ಪ್ರಶ್ನಿಸಲು ಶುರುಮಾಡಿದ.

ಎಲ್ಲರ ಮನೆಗೂ ಬಂದಿದ್ದ ವಿಡಿಯೋ ಒಂದಿತ್ತು. ಸಾಮಾನ್ಯವಾಗಿ ಬಾಯಿ ಬಿಡದ ಹುಡುಗಿಯೊಬ್ಬಳು ಎದ್ದು, “ಅದು ನಮ್ಮ ಡ್ಯಾಮಲ್ರಿ ಸರ್. ಅದರ ಹಿಂದ ದಟ್ಟ ಕಾಡೈತಿ. ನಮ್ಮಲ್ಲಿ ಬಂಡಿಗುಡ್ಡ” ಎಂದಳು. ಶಾಸನ ಓದುವವರಿಗೂ ಇಷ್ಟೇ ಬೇಕಾಗುವುದು, ಕಲ್ಲು ಇರುವ ಜಾಗಕ್ಕೆ ಅದರ ಮಾತು ಹೊಂದುತ್ತದೆಯೇ ಎಂದು ನೋಡುವ ಕಣ್ಣು. ಆಧಾರಗಳು ಎಂಬ ಪಾಠವನ್ನು ಎಂಟನೇ ತರಗತಿಯಲ್ಲಿ ಇದೇ ಮಕ್ಕಳಿಗೆ ಮಾಡಿದ್ದೆ. ಆಗ ಎಲ್ಲರೂ ‘ಸಾಹಿತ್ಯಿಕ, ಪುರಾತತ್ವ’ ಎಂದು ಬರೆದು ಅಂಕ ತೆಗೆದುಕೊಂಡಿದ್ದರು.

ಮರುದಿನ ಲೆಕ್ಕ. ಗೇಟು ಕೂರಿಸಬೇಕಾದರೆ 60 ಟಿಎಂಸಿಯಷ್ಟು ನೀರು ಹೊರಬಿಡಬೇಕಾಗಬಹುದು ಎಂಬ ಸುದ್ದಿ ಬಂದಿತ್ತು. ಟಿಎಂಸಿ ಎಂಬುದು ನಮ್ಮ ಕಡೆ ಹಾಲು ಮಾರುವವರ ಬಾಯಲ್ಲೂ ಬರುತ್ತದೆ, ಆದರೆ ಎಷ್ಟೆಂದು ಕೇಳಿದರೆ ಮಕ್ಕಳು ಮುಖ ಮುಖ ನೋಡಿಕೊಂಡರು. ನೂರು ಕೋಟಿ ಘನ ಅಡಿ ಎಂದೆ. ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ದಿನಕ್ಕೆ 86,400 ಸೆಕೆಂಡು. ಆಗ ಹೊರಹೋಗುತ್ತಿದ್ದದ್ದು ಒಂದು ಲಕ್ಷ ಕ್ಯೂಸೆಕ್ ಆಸುಪಾಸು. ಗುಣಿಸಿದರೆ ದಿನಕ್ಕೆ 8.64 ಟಿಎಂಸಿ. 60ನ್ನು ಅದರಿಂದ ಭಾಗಿಸಿ ಸುಮಾರು ಒಂದು ವಾರ ಎಂದು ಬೋರ್ಡಿನಲ್ಲಿ ಬರೆದರು. ಹಿಂದಿನಿಂದ ಒಬ್ಬ, “ಮ್ಯಾಗಿಂದ ನೀರು ಬರೂದ್ ಹಿಡದಿಲ್ಲ” ಎಂದ. ಶಿವಮೊಗ್ಗದ ಕಡೆ ಮಳೆ ನಿಂತಿಲ್ಲವಲ್ಲ, ಒಳಹರಿವು ಬೇಡವೇ? ಒಂದು ವಾರವನ್ನು ಅಳಿಸಿ ‘ಅದಕ್ಕಿಂತ ಹೆಚ್ಚು’ ಎಂದು ತಿದ್ದಿದರು. ಗಣಿತದ ಮೇಷ್ಟ್ರು ಬಾಗಿಲಲ್ಲಿ ನಿಂತು ನೋಡಿ, ಇವರು ನನ್ನ ಪಿರಿಯಡ್‌ನಲ್ಲಿ ಇಷ್ಟು ಗುಣಿಸುವುದಿಲ್ಲ ಎಂದು ಹೋದರು.

ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಈಗ ಹೂಳಿನಿಂದಾಗಿ ಸುಮಾರು 105 ಮಾತ್ರ ಹಿಡಿಯುತ್ತದೆ ಎಂದು ಈ ಲೆಕ್ಕದ ನಡುವೆಯೇ ಬಂತು. 1945ರಲ್ಲಿ ಅಡಿಗಲ್ಲು ಬಿದ್ದಾಗ ಈ ದಂಡೆ ನಿಜಾಮನ ಹೈದರಾಬಾದ್, ಆ ದಂಡೆ ಮದ್ರಾಸ್ ಪ್ರಾಂತ್ಯ. 1953ರಲ್ಲಿ ಆಂಧ್ರ ರಾಜ್ಯವಾಗಿ ಬಳ್ಳಾರಿ ಮೈಸೂರಿಗೆ ಸೇರಿದಾಗ ನೀರು ಹಂಚಲು ತುಂಗಭದ್ರಾ ಮಂಡಳಿ ಬಂತು. ಇತಿಹಾಸ, ಪೌರನೀತಿ, ಭೂಗೋಳ ಮೂರನ್ನೂ ಪುಸ್ತಕದಲ್ಲಿ ಬೇರೆ ಬೇರೆ ಭಾಗಗಳಲ್ಲಿ ಇಟ್ಟಿದ್ದಾರೆ. ಕಾಲುವೆಗೆ ಆ ಭೇದ ಗೊತ್ತಿಲ್ಲ.

ನಿಜವಾದ ಪಾಠ ಶುರುವಾದದ್ದು ಜಗಳದಿಂದ. ನೀರು ಹೀಗೇ ಹೋದರೆ ಎರಡನೇ ಬೆಳೆಗೆ ಏನು ಗತಿ ಎಂದು ಭತ್ತದ ಮನೆಯ ಹುಡುಗನೊಬ್ಬ ಗೋಳಾಡುತ್ತಿದ್ದ. ಹಾಸ್ಟೆಲಿನಲ್ಲಿದ್ದು ಓದುವ ಹುಡುಗಿ, ಮಾನ್ವಿ ಕಡೆಯವಳು, ಅಂದರೆ ಕಾಲುವೆಯ ಕೆಳಭಾಗದವಳು, ತಟ್ಟನೆ ಎದ್ದಳು. “ನಿಮಗ ಎರಡನೇ ಬೆಳಿ ಚಿಂತಿ. ನಮಗ ಒಂದನೇ ಬೆಳಿಗೇ ನೀರು ಬರಂಗಿಲ್ಲ. ಡ್ಯಾಮ್ ತುಂಬಿದ್ ವರ್ಷಾನೂ ಬರಂಗಿಲ್ಲ. ಮ್ಯಾಲಿನವರು ಪಂಪ್ ಹಚ್ಚಿ ಎತ್ತಿಕೊಂತೀರಿ.” ಹುಡುಗ ಕೆಂಪಾದ. “ನಮ್ಮಪ್ಪ ಕಳ್ಳನೇನು?” ಎಂದ. ಬೆಂಚುಗಳು ಎರಡು ಪಾಳಿಯಾದವು.

ಅವರನ್ನು ತಡೆಯಲಿಲ್ಲ, ಒಂದು ಸಂಗತಿ ಮಾತ್ರ ನಡುವೆ ಹಾಕಿದೆ. 200 ಕಿ.ಮೀ.ಗೂ ಉದ್ದದ ಈ ಕಾಲುವೆಯ ಅಚ್ಚುಕಟ್ಟಿನಲ್ಲಿ ಹೆಚ್ಚಿನ ಭಾಗವನ್ನು ಮೂಲ ಯೋಜನೆಯಲ್ಲಿ ಗುರುತಿಸಿದ್ದು ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗಳಿಗೆ. ಭತ್ತಕ್ಕೆಂದು ಇಟ್ಟದ್ದು ಸಣ್ಣ ಪಾಲು. ತರಗತಿ ಗಪ್ ಆಯಿತು. ಸೋನಾ ಮಸೂರಿ ಬಿಟ್ಟು ಬೇರೆ ಹೊಲವನ್ನೇ ನೋಡದ ಮಕ್ಕಳಿಗೆ ಅದು ನಂಬುವ ಮಾತಾಗಿರಲಿಲ್ಲ. “ಇದನ್ನ ಯಾರು ಹೇಳಿದ್ರಿ ಸರ್? ಎಲ್ಲಿ ಬರದೈತಿ?” ಎಂದು ಭತ್ತದ ಹುಡುಗ ನನ್ನನ್ನೇ ಕೇಳಿದ. ಆ ಪ್ರಶ್ನೆ ಆ ದಿನವೇ ನೋಟ್‌ಬುಕ್ ಸೇರಿತು, ಕೆಳಗೆ ಎರಡು ಗೆರೆ ಎಳೆದು.

ಹೀಗೆ ಚಾರ್ಟಿನ ಚಟುವಟಿಕೆ ರದ್ದಾಯಿತು. ಮನೆಯ ಹಿರಿಯರೊಬ್ಬರನ್ನು ಕೇಳಿಕೊಂಡು ಬನ್ನಿ, ಕಾಲುವೆ ಬರುವ ಮುಂಚೆ ಹೊಲದಲ್ಲಿ ಏನು ಬೆಳೆಯುತ್ತಿದ್ದರು, ಭತ್ತ ಯಾವಾಗ ಬಂತು, ಅವರು ಹೇಳಿದ ಹಾಗೇ ಬರೆಯಿರಿ ಎಂದೆ. ಊರಿನ ಮಕ್ಕಳು ಬಿಳಿಜೋಳ, ನವಣೆ, ಹತ್ತಿ ಎಂದು ಬರೆದು ತಂದರು. ಒಬ್ಬಳ ಅಜ್ಜಿ ಹೇಳಿದ್ದು, ಮದುವೆಗೆ, ಹಬ್ಬಕ್ಕೆ ಬಿಟ್ಟರೆ ಮನೆಯಲ್ಲಿ ಅನ್ನ ಮಾಡುತ್ತಿರಲಿಲ್ಲ, ಜ್ವರ ಬಂದವರಿಗೆ ಇಷ್ಟು ಕೊಡುತ್ತಿದ್ದರು ಎಂದು. ಕ್ಯಾಂಪಿನ ಮಕ್ಕಳು ಬೇರೆ ಕಥೆ ತಂದರು. ಕಾಲುವೆ ಬಂದ ಮೇಲೆ ಆಂಧ್ರದ ಕರಾವಳಿಯಿಂದ ಬಂದು ಭೂಮಿ ಕೊಂಡು ನೆಲೆಸಿದವರ ಮೊಮ್ಮಕ್ಕಳು ಅವರು. ‘ತಾತ ಬಂದಾಗ ಇಲ್ಲಿ ಬರೀ ಮುಳ್ಳುಕಂಟಿ. ಏನೂ ಬೆಳೆಯುತ್ತಿರಲಿಲ್ಲ.’

ಬೀಳು ಬಿದ್ದಿತ್ತೋ, ಜೋಳ ಬೆಳೆಯುತ್ತಿತ್ತೋ? ಎರಡೂ ಬರಹಗಳನ್ನು ಜೋರಾಗಿ ಓದಿಸಿದೆ. ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಎಂದು ಮೊದಲು ನಿರ್ಧಾರವಾಯಿತು. ಆಮೇಲೆ ಬೈಕ್ ಹುಡುಗನೇ, “ಇಬ್ಬರೂ ನೋಡಿದ್ದು ಬ್ಯಾರೆ ಬ್ಯಾರೆ ಹೊಲ ಇರಬೋದಲ್ರಿ” ಎಂದ. ಇನ್ನೊಬ್ಬಳು, “ಮಾರಾಕ ಕೊಟ್ಟದ್ದು ಕೆಟ್ಟ ಹೊಲ ಇರಬೇಕು, ಛಲೋದನ್ಯಾರು ಮಾರ್ತಾರ?” ಎಂದಳು. ಗೈಡಿನಲ್ಲಿ ಉತ್ತರವಿಲ್ಲದ ಪ್ರಶ್ನೆಗೆ ನಲವತ್ತು ನಿಮಿಷ ಸಾಲದೆ ಹೋದದ್ದನ್ನು ನಾನು ನೋಡಿದ್ದು ಅಪರೂಪ.

ಅಷ್ಟರಲ್ಲಿ ಡ್ಯಾಮಿನಲ್ಲೂ ಸುದ್ದಿಯಾಯಿತು. ಡ್ಯಾಮ್ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ನೀರು ಹರಿಯುತ್ತಿರುವಾಗಲೇ, ಗೇಟಿನ ಬದಲಿಗೆ ತಾತ್ಕಾಲಿಕವಾಗಿ ಒಂದರ ಮೇಲೊಂದು ಕೂರಿಸುವ ಉಕ್ಕಿನ ಸ್ಟಾಪ್‌ಲಾಗ್ ತುಂಡುಗಳನ್ನು ಇಳಿಸಿ ಕಿಂಡಿ ಮುಚ್ಚಿದರು. 16ರ ರಾತ್ರಿ ಮೊದಲನೆಯದು ಕೂತಿತು, ಮರುದಿನ ಉಳಿದವೂ ಕೂತವು. ಬೋರ್ಡಿನ ಮೂಲೆಯಲ್ಲಿ ಅಳಿಸದೆ ಇಟ್ಟಿದ್ದ ‘ಅದಕ್ಕಿಂತ ಹೆಚ್ಚು’ ಸುಳ್ಳಾಯಿತು. ಲೆಕ್ಕ ಸರಿಯಿತ್ತು, ಖಾಲಿ ಮಾಡದೆ ಕೂರಿಸಲು ಬರುವುದಿಲ್ಲ ಎಂದುಕೊಂಡದ್ದು ಸರಿಯಿರಲಿಲ್ಲ ಎಂದು ಮಕ್ಕಳೇ ಹೇಳಿದರು.

ಅಂಕ ಹಾಕುವಾಗ ಕಷ್ಟವಾಯಿತು. ಎಷ್ಟು ಹೇಳಿದರೂ ಕೇಳದೆ ಕೆಲವರು ಚಾರ್ಟ್ ತಂದಿದ್ದರು, ಅಂದವಾಗಿಯೇ ಇದ್ದವು. ಅವಕ್ಕಿಂತ ಅಜ್ಜಿಯ ಮಾತನ್ನು ಕಾಗುಣಿತದ ತಪ್ಪುಗಳ ಸಮೇತ ಬರೆದ ಹಾಳೆಗೆ ಹೆಚ್ಚು ಅಂಕ ಹೋಯಿತು. ತಂದೆಯೊಬ್ಬರು ಬಂದು, ನನ್ನ ಮಗಳ ಚಾರ್ಟ್ ಇಷ್ಟು ಚೆಂದ ಇದ್ದರೂ ಯಾಕೆ ಕಡಿಮೆ ಎಂದು ಕೇಳಿದರು. ಚಾರ್ಟಿನಲ್ಲಿದ್ದ ಡ್ಯಾಮಿನ ಚಿತ್ರ ತೋರಿಸಿ, ಇದು ಯಾವ ಡ್ಯಾಮ್ ಎಂದು ಮಗಳನ್ನೇ ಕೇಳಿ ಎಂದೆ. ಚಿತ್ರದ ಕೆಳಗೆ ತುಂಗಭದ್ರಾ ಎಂದಿತ್ತು, ಹಿಂದೆ ದಟ್ಟ ಕಾಡಿತ್ತು. ಅವಳು ನಾಲಿಗೆ ಕಚ್ಚಿಕೊಂಡಳು. ಅಪ್ಪ ಮಾತ್ರ ಒಪ್ಪಿದಂತೆ ಕಾಣಲಿಲ್ಲ.

ಆ ವರ್ಷ ಮಳೆ ಕೈಬಿಡಲಿಲ್ಲ, ಡ್ಯಾಮ್ ಮತ್ತೆ ತುಂಬಿತು. ದೀಪಾವಳಿ ರಜೆ ಮುಗಿಸಿ ಹಾಸ್ಟೆಲ್ ಹುಡುಗಿ ಊರಿಂದ ಬಂದ ದಿನ, ಭತ್ತದ ಹುಡುಗ ತಾನಾಗಿ ಅವಳ ಬೆಂಚಿನ ತನಕ ಹೋಗಿ, “ನಿಮ್ಮ ಹೊಲಕ್ಕ ನೀರು ಮುಟ್ಟಿತೇನು?” ಎಂದು ಕೇಳಿದ.

“ಮುಟ್ಟಿತು. ತಡ ಆಗಿ, ಅದೂ ರಾತ್ರಿ ಪಾಳೇಕ” ಎಂದಳು ಅವಳು. “ಹಗಲಿನ ನೀರು ಎಲ್ಲಿಗೆ ಹೋಗ್ತೈತಿ ಅಂತ ನಿಮ್ಮಪ್ಪನ್ನ ಕೇಳು.”

ಮತ್ತೆ ಬೆಂಚುಗಳು ಎರಡು ಪಾಳಿಯಾದವು. ನಾನು ಹಾಜರಿ ಪುಸ್ತಕ ಮುಚ್ಚಿ ಕುರ್ಚಿ ಎಳೆದುಕೊಂಡೆ.