ನಿಯಮ ಕಡಿಮೆಯಾದರೆ ಆಯ್ಕೆಯೂ ಕಡಿಮೆಯಾಗುವುದಿಲ್ಲವೇ?

ಮೇಜಿನ ಸುತ್ತ ಕೂತು, ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ದಾಳ ಉರುಳಿಸುತ್ತ ಕಥೆ ಕಟ್ಟುವ ರೋಲ್‌ಪ್ಲೇಯಿಂಗ್ ಆಟಗಳನ್ನು ನಡೆಸುವ ನನಗೆ ಹೊಸಬರೂ ಹಳಬರೂ ಕೇಳುವ ಪ್ರಶ್ನೆ ಒಂದೇ: ನಿಯಮಗಳನ್ನು ಸರಳಗೊಳಿಸುತ್ತ ಹೋದರೆ ಆಟಗಾರನಿಗೆ ನಿರ್ಧರಿಸುವುದಕ್ಕೆ ಏನು ಉಳಿಯುತ್ತದೆ? ದಪ್ಪ ಪುಸ್ತಕ ನೋಡಿ ಹೆದರಿದವರೂ ಇದನ್ನೇ ಕೇಳುತ್ತಾರೆ, ತೆಳ್ಳನೆಯ ಪುಸ್ತಕ ನೋಡಿ ಮೂಗು ಮುರಿದವರೂ ಇದನ್ನೇ ಕೇಳುತ್ತಾರೆ.

ನಿಯಮಗಳ ಸಂಖ್ಯೆಗೂ ಆಯ್ಕೆಯ ತೂಕಕ್ಕೂ ನೇರ ಸಂಬಂಧವಿಲ್ಲ ಎಂಬುದು ನನ್ನ ಉತ್ತರ. ನಿಜವಾದ ಆಯ್ಕೆ ಎಂದರೆ ಒಂದನ್ನು ಪಡೆಯಬೇಕಾದರೆ ಇನ್ನೊಂದನ್ನು ಬಿಟ್ಟುಕೊಡಬೇಕು, ಯಾವುದು ಮೇಲು ಎಂಬುದು ಲೆಕ್ಕ ಹಾಕಿದ ಮಾತ್ರಕ್ಕೆ ತಿಳಿಯಬಾರದು. ಅಂಥ ಜಾಗದಲ್ಲಿ ನಿಯಮ ಇರಲೇಬೇಕು. ಉಳಿದ ಕಡೆ ಧಾರಾಳವಾಗಿ ಕತ್ತರಿಸಬಹುದು.

ಈ ಬಗೆಯ ಆಟಗಳಲ್ಲಿ ಹೆಸರುವಾಸಿಯಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನ, 2000ದಲ್ಲಿ ಬಂದ ಮೂರನೆಯ ಆವೃತ್ತಿಯನ್ನೇ ನೋಡಿ. ಎತ್ತರದಲ್ಲಿ ನಿಂತು ಹೊಡೆದರೆ ದಾಳದಲ್ಲಿ ಬಿದ್ದ ಸಂಖ್ಯೆಗೆ ಒಂದು ಅಂಕ ಹೆಚ್ಚು, ಶತ್ರುವನ್ನು ಇಬ್ಬರು ಎರಡು ಬದಿಯಿಂದ ಮುತ್ತಿದರೆ ಎರಡು ಹೆಚ್ಚು, ಕೈಕೈ ಮಿಲಾಯಿಸಿದವರ ನಡುವೆ ಬಾಣ ಬಿಟ್ಟರೆ ನಾಲ್ಕು ಕಡಿಮೆ. ಯಾವ ಅಂಕ ಯಾವುದರ ಜೊತೆ ಕೂಡುತ್ತದೆ, ಯಾವುದು ಕೂಡುವುದಿಲ್ಲ ಎಂಬುದಕ್ಕೆ ಮತ್ತೆ ಬೇರೆ ನಿಯಮ. 2014ರ ಐದನೆಯ ಆವೃತ್ತಿ ಇಂಥ ಕೂಡು-ಕಳೆಯ ಬಹುಪಾಲನ್ನು ತೆಗೆದು ‘ಅಡ್ವಾಂಟೇಜ್’ ತಂದಿತು: ಸನ್ನಿವೇಶ ನಿಮ್ಮ ಕಡೆಗಿದ್ದರೆ ಇಪ್ಪತ್ತು ಮುಖದ ದಾಳವನ್ನು ಎರಡು ಸಲ ಉರುಳಿಸಿ, ದೊಡ್ಡದನ್ನು ಇಟ್ಟುಕೊಳ್ಳಿ. ಹನ್ನೊಂದು ಅಥವಾ ಅದಕ್ಕಿಂತ ಹೆಚ್ಚು ಬೀಳಬೇಕಾದಲ್ಲಿ ಗೆಲ್ಲುವ ಸಾಧ್ಯತೆ ಶೇ 50ರಿಂದ 75ಕ್ಕೆ ಏರುತ್ತದೆ. ಮೊದಲ ಸಲ ಆಡುವವರಿಗೂ ಅರ್ಧ ನಿಮಿಷದಲ್ಲಿ ಅರ್ಥವಾಗುತ್ತದೆ. ಈ ನಿಯಮ ನನಗೆ ಬಹಳ ಇಷ್ಟ.

ಆದರೆ ಅದು ಪುಕ್ಕಟೆ ಬಂದದ್ದಲ್ಲ. ಅಡ್ವಾಂಟೇಜ್ ಒಮ್ಮೆ ಸಿಕ್ಕಮೇಲೆ ಎರಡನೆಯ, ಮೂರನೆಯ ಕಾರಣಕ್ಕೆ ಬೆಲೆಯೇ ಇಲ್ಲ. ಕಷ್ಟಪಟ್ಟು ಶತ್ರುವಿನ ಬೆನ್ನ ಹಿಂದೆ ಬಂದು, ಗೆಳತಿಯ ನೆರವನ್ನೂ ಪಡೆದು ಹೊಡೆಯುವವನಿಗೂ, ಒಂದೇ ಉಪಾಯ ಮಾಡಿ ಹೊಡೆಯುವವನಿಗೂ ಸಿಗುವುದು ಅದೇ ಎರಡು ದಾಳ. ಇಲ್ಲಿ ಲೆಕ್ಕದ ಜೊತೆಗೆ ಒಂದಿಷ್ಟು ಆಯ್ಕೆಯೂ ಹೋಯಿತು ಎಂಬುದನ್ನು ಒಪ್ಪಲೇಬೇಕು.

ಹಾಗೆಂದು ಹಳೆಯ ಆವೃತ್ತಿಯಲ್ಲಿದ್ದದ್ದೆಲ್ಲ ನಿಜವಾದ ಆಯ್ಕೆ ಎಂದುಕೊಳ್ಳಬೇಡಿ. ಅದರಲ್ಲಿ ‘ಟಫ್‌ನೆಸ್’ ಎಂಬ ವಿಶೇಷ ಗುಣವನ್ನು ಆರಿಸಿಕೊಂಡರೆ ಸಿಗುತ್ತಿದ್ದದ್ದು ಬರೀ ಮೂರು ಜೀವಾಂಕ, ಅಂದರೆ ಪೆಟ್ಟು ತಾಳಿಕೊಳ್ಳುವ ಅಂಕ. ಪಾತ್ರ ಬೆಳೆದಂತೆ ಅದು ಯಾವ ಲೆಕ್ಕಕ್ಕೂ ಇಲ್ಲ. ‘ಪವರ್ ಅಟ್ಯಾಕ್’ ಇನ್ನೊಂದು ಬಗೆ: ಗುರಿ ತಪ್ಪುವ ಅಪಾಯ ಹೆಚ್ಚಿಸಿಕೊಂಡಷ್ಟೂ ಪೆಟ್ಟಿನ ಬಲ ಹೆಚ್ಚುತ್ತದೆ. ಓದುವಾಗ ಸೊಗಸಾಗಿದೆ. ಶತ್ರುವಿನ ರಕ್ಷಣೆಯ ಅಂಕ ಗೊತ್ತಾದ ಕೂಡಲೇ ಗುರಿಯ ಅಂಕದಿಂದ ಎಷ್ಟು ಕಳೆದು ಪೆಟ್ಟಿಗೆ ಸೇರಿಸಬೇಕು ಎಂಬುದಕ್ಕೆ ಒಂದು ಸರಿಯುತ್ತರ ಸಿಕ್ಕಿಬಿಡುತ್ತದೆ. ಆಮೇಲೆ ಉಳಿಯುವುದು ಗಣಿತ, ಮೇಜಿನ ಉಳಿದವರಿಗೆ ಕಾಯುವ ಕೆಲಸ.

ಸರಳತೆ ಮತ್ತು ಆಯ್ಕೆ ಎರಡೂ ಕೂಡಿದ ಉದಾಹರಣೆ ಕೇಳಿದರೆ ನಾನು ತೋರಿಸುವುದು ಇದೇ ಬಗೆಯ ಇನ್ನೊಂದು ಆಟವಾದ ‘ಪಾತ್‌ಫೈಂಡರ್’ನ 2019ರ ಎರಡನೆಯ ಆವೃತ್ತಿಯನ್ನು. ಆ ಪುಸ್ತಕ ತೆಳ್ಳಗಿಲ್ಲ, ಅದರ ಇತರ ನಿಯಮಗಳ ಭಾರ ನನಗೂ ಹೆಚ್ಚೆನಿಸುತ್ತದೆ. ಆದರೆ ಅದರ ತಿರುಳು ಒಂದೇ ಸಾಲು: ನಿಮ್ಮ ಸರದಿಯಲ್ಲಿ ಮೂರು ಕ್ರಿಯೆ. ಎರಡನೆಯ ಏಟಿಗೆ ಐದು ಅಂಕ ಕಡಿತ, ಮೂರನೆಯದಕ್ಕೆ ಹತ್ತು. ಕತ್ತಿ ಹಿಡಿದ ಹುಡುಗಿಯೊಬ್ಬಳು ಶತ್ರುವಿನ ಎದುರು ನಿಂತು ಎರಡು ಏಟು ಹಾಕಿದ್ದಾಳೆ ಎನ್ನಿ. ಮೂರನೆಯದು ತಗಲುವ ಭರವಸೆ ಕಡಿಮೆ, ಆದರೆ ಶತ್ರು ಬೀಳುವ ಹಂತದಲ್ಲಿದ್ದಾನೆ. ಗುರಾಣಿ ಎತ್ತಿದರೆ ಮುಂದಿನ ಸರದಿಯವರೆಗೆ ರಕ್ಷಣೆ. ಐದು ಅಡಿ ಹಿಂದೆ ಸರಿದರೆ ಶತ್ರು ಅವಳ ಬಳಿ ಬರುವುದಕ್ಕೇ ತನ್ನ ಮೂರರಲ್ಲಿ ಒಂದು ಕ್ರಿಯೆ ಕಳೆದುಕೊಳ್ಳಬೇಕು. ಆದರೆ ಅವಳ ಹಿಂದೆ ಗಾಯಗೊಂಡ ಗೆಳೆಯ ಬಿದ್ದಿದ್ದರೆ? ಸರಿದರೆ ಶತ್ರುವಿಗೆ ದಾರಿ ಬಿಟ್ಟಂತೆ. ಈ ಪ್ರಶ್ನೆಗೆ ಯಾವ ಕೋಷ್ಟಕದಲ್ಲೂ ಉತ್ತರವಿಲ್ಲ. ಅವಳು ಯೋಚಿಸುವಾಗ ಮೇಜಿನ ಸುತ್ತ ಎಲ್ಲರೂ ಅವಳ ಮುಖ ನೋಡುತ್ತಾರೆ, ಯಾರೂ ಪುಸ್ತಕ ತಿರುವುವುದಿಲ್ಲ.

ಇದಕ್ಕೆ ದಪ್ಪ ಪುಸ್ತಕವೂ ಬೇಕಿಲ್ಲ. ಜಾನ್ ಹಾರ್ಪರ್ 2013ರಲ್ಲಿ ಬರೆದ ‘ಲೇಸರ್ಸ್ ಅಂಡ್ ಫೀಲಿಂಗ್ಸ್’ ಒಂದೇ ಪುಟದ ಆಟ. ಪಾತ್ರಕ್ಕೆ ಎರಡರಿಂದ ಐದರೊಳಗೆ ಒಂದು ಸಂಖ್ಯೆ. ಯಂತ್ರ, ತರ್ಕದ ಕೆಲಸಕ್ಕೆ ದಾಳ ಅದಕ್ಕಿಂತ ಕೆಳಗೆ ಬೀಳಬೇಕು, ಮಾತು, ಭಾವನೆಯ ಕೆಲಸಕ್ಕೆ ಮೇಲೆ. ಒಂದರಲ್ಲಿ ಗಟ್ಟಿಯಾದಷ್ಟೂ ಇನ್ನೊಂದರಲ್ಲಿ ಸೋಲುತ್ತೀರಿ.

ಇಷ್ಟು ಕೇಳಿದವರು ‘ಹಾಗಾದರೆ ನಮ್ಮ ಆಟದಲ್ಲಿ ಏನನ್ನು ಕತ್ತರಿಸೋಣ?’ ಎನ್ನುತ್ತಾರೆ. ಸಾಮಾನಿನ ತೂಕದಿಂದ ಶುರು ಮಾಡಿ ಎನ್ನುತ್ತೇನೆ. ಹಗ್ಗ ಎಷ್ಟು, ದೀಪ ಎಷ್ಟು ಎಂದು ಬರೆದು ಕೂಡುವುದನ್ನು ಬಿಡಿ, ಹೊರೆಯ ಪ್ರಶ್ನೆಯನ್ನು ಮಾತ್ರ ಬಿಡಬೇಡಿ. ಹಾರ್ಪರ್ ಅವರದೇ ‘ಬ್ಲೇಡ್ಸ್ ಇನ್ ದ ಡಾರ್ಕ್’ ಆಟದಲ್ಲಿ ಕಳ್ಳತನಕ್ಕೆ ಹೊರಡುವ ಮುನ್ನ ಹೊರೆ ಹಗುರವೋ, ಸಾಧಾರಣವೋ, ಭಾರವೋ ಎಂದಷ್ಟೇ ಹೇಳಬೇಕು: ಕ್ರಮವಾಗಿ ಮೂರು, ಐದು ಅಥವಾ ಆರು ಹೊರೆಯ ಅಂಕ. ಚೀಲದಲ್ಲಿ ಏನಿದೆ ಎಂಬುದನ್ನು ಬೇಕಾದಾಗ ಹೇಳಿದರೆ ಸಾಕು. ಹಗುರವಾಗಿ ಹೋದವನು ಜನರ ನಡುವೆ ಬೆರೆತುಹೋಗುತ್ತಾನೆ, ಬೀಗದ ಮುಂದೆ ಉಪಕರಣ ಸಾಲದೆ ನಿಲ್ಲಲೂಬಹುದು. ಭಾರ ಹೊತ್ತವನ ಬಳಿ ಬೇಕಾದದ್ದೆಲ್ಲ ಇರುತ್ತದೆ, ಕಾವಲುಗಾರನ ಕಣ್ಣಿಗೂ ಅವನೇ ಮೊದಲು ಬೀಳುತ್ತಾನೆ. ನಿಮ್ಮ ಮುಂದಿನ ಆಟದಲ್ಲಿ ಈ ಮೂರು ಸಂಖ್ಯೆಗಳನ್ನು ಬಳಸಿ ನೋಡಿ, ತೂಕದ ಪಟ್ಟಿ ಬೇಕೋ ಬೇಡವೋ ಎಂಬುದನ್ನು ಆಮೇಲೆ ನಿಮ್ಮ ಆಟಗಾರರನ್ನೇ ಕೇಳಿ.